ಮೂವತ್ತೆಂಟರ ಲೇಬಲ್

ಆ ಬೀದಿಯಲ್ಲಿ ಅವಳಷ್ಟು ಹೆದರುಪುಕ್ಕಲಿ ಇನ್ನೊಬ್ಬಳಿರಲಿಲ್ಲ. ಆರು ವರ್ಷದ ಮಗಳು ಎರಡು ಸಲ ಸೀನಿದರೆ ಸಾಕು, ಮೂರನೆಯ ಸೀನಿಗೆ ಕಾಯದೆ ಡಾಕ್ಟರಿಗೆ ಫೋನು ಹೋಗುತ್ತಿತ್ತು. ಹೊಲಿಯುವ ಕೋಣೆಯಲ್ಲಿ ಒಂದು ಗುಂಡುಸೂಜಿ ಕಡಿಮೆಯಾದರೆ ಅಯಸ್ಕಾಂತ ಹಿಡಿದು ನೆಲವನ್ನೆಲ್ಲ ಸವರುವಳು. ಸೂಜಿ ಸಿಕ್ಕಿದ ಮೇಲೂ ಕಳೆದದ್ದು ಇದೇನಾ, ಇನ್ನೊಂದಾ ಎಂದು ಮತ್ತೊಂದು ಸುತ್ತು. ಮನೆಗೆ ಬೀಗ ಹಾಕಿ ಮೆಟ್ಟಿಲು ಇಳಿದವಳು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸು ಹತ್ತುವುದು ದಿನದ ಕೆಲಸಗಳಲ್ಲಿ ಒಂದು. "ಇವಳಿಗೆ ಗಾಬರಿ ಆಗದೇ ಇರೋ ದಿನ ನನಗೆ ಗಾಬರಿ ಆಗುತ್ತೆ" ಎಂದು ಗಂಡ ನಗುತ್ತಿದ್ದ.

ಇಷ್ಟಕ್ಕೆಲ್ಲ ಹೆದರುವವಳು, ನಿಜಕ್ಕೂ ಹೆದರಬೇಕಿದ್ದ ಒಂದೇ ಒಂದು ವಿಷಯಕ್ಕೆ ಹನ್ನೆರಡು ವರ್ಷ ಹೆದರಲಿಲ್ಲ. ಆ ಕೆಲಸವನ್ನು ಪ್ರೀತಿ ಎಂದುಕೊಂಡು ಕೈಯಾರೆ ಮಾಡುತ್ತಾ ಬಂದಳು.

ಅವಳು ಹೊಲಿಯುತ್ತಿದ್ದದ್ದು ಸಮವಸ್ತ್ರ. ಶಾಲೆ ಮಕ್ಕಳ ಅಂಗಿ, ಆಸ್ಪತ್ರೆ ಸಿಬ್ಬಂದಿಯ ಕೋಟು, ಅಂಗಡಿ ಕೆಲಸದವರ ಪ್ಯಾಂಟು. ಮಹಡಿಯ ಮೇಲಿನ ಒಂದೇ ಕೋಣೆ, ಎರಡು ಯಂತ್ರ, ಕಿಟಕಿಯ ಪಕ್ಕ ಕತ್ತರಿಸುವ ಮೇಜು. ಆ ಮೇಜಿನ ಡ್ರಾಯರಿನಲ್ಲಿ ಅಳತೆಯ ಸಂಖ್ಯೆ ನೇಯ್ದ ಲೇಬಲ್ಲುಗಳ ಸುರುಳಿಗಳು: ಇಪ್ಪತ್ತೆರಡರಿಂದ ನಲವತ್ತೆಂಟರವರೆಗೆ, ಒಂದೊಂದು ಅಳತೆಗೆ ಒಂದೊಂದು ಸುರುಳಿ. ಬೀದಿಯವರಿಗೆಲ್ಲ ಅವಳು ಟೈಲರಕ್ಕ. ಅಣ್ಣನಿಗೆ ಮಾತ್ರ ಪುಟ್ಟಿ.

ಅಣ್ಣ ಅವಳಿಗಿಂತ ಹನ್ನೊಂದು ವರ್ಷ ದೊಡ್ಡವನು. ಅಪ್ಪ ಹೋದ ಮೇಲೆ ಅವಳಿಗೆ ಜಡೆ ಹಾಕುವುದರಿಂದ ಹಿಡಿದು ಶಾಲೆಯ ಅರ್ಜಿಗೆ ಸಹಿ ಮಾಡುವವರೆಗೆ ಎಲ್ಲವನ್ನೂ ಅವನೇ ನೋಡಿಕೊಂಡ. ಮೊದಲ ಹೊಲಿಗೆ ಯಂತ್ರವನ್ನು ಹೆಗಲ ಮೇಲೆ ಹೊತ್ತು ಮಹಡಿ ಹತ್ತಿದವನೂ ಅವನೇ. ಕಾರು ಕಲಿಸುವ ಶಾಲೆಯಲ್ಲಿ ಮೇಷ್ಟ್ರು. ದಿನಕ್ಕೆ ಹತ್ತು ಗಂಟೆ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಬಳಿ ಇರುವ ಎರಡನೆಯ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡಿರುವುದು ಅವನ ಉದ್ಯೋಗ. "ನಾನು ಕೂತಲ್ಲೇ ಊರೆಲ್ಲ ಸುತ್ತೋನು" ಎನ್ನುತ್ತಿದ್ದ. ಎರಡು ಪಾಠಗಳ ನಡುವೆ ಚಹಾ, ಚಹಾದ ಜೊತೆ ಬನ್ನು. ಕಲಿತು ಪಾಸಾದವರು ತಂದುಕೊಡುವ ಸಿಹಿ ಡಬ್ಬಿ ಬೇರೆ. ಪ್ರತಿ ವರ್ಷ ಕಾರಿನ ಸೀಟು ಒಂದು ಕಚ್ಚಿನಷ್ಟು ಹಿಂದಕ್ಕೆ ಸರಿಯುತ್ತಿತ್ತು.

ಅವನಿಗೆ ಮೂವತ್ತಾರು ವರ್ಷವಿದ್ದಾಗ ಒಂದು ದಿನ, ಮೂವರು ಶಿಷ್ಯರ ಎದುರಿಗೆ ಟೈರು ಬದಲಿಸುವುದನ್ನು ತೋರಿಸಲು ಬಗ್ಗಿದ. ಪ್ಯಾಂಟು ಹಿಂದಿನಿಂದ ಪರ್ರೆಂದು ಹರಿಯಿತು. ಶಿಷ್ಯರು ನಕ್ಕರು. ಅದೇನು ದೊಡ್ಡ ತಪ್ಪಲ್ಲ, ಯಾರಾದರೂ ನಗುತ್ತಿದ್ದರು. ಆದರೆ ಊರಿಗೆಲ್ಲ ತಮಾಷೆ ಮಾಡುವ ಮನುಷ್ಯ ಅಂದು ಸೊಂಟಕ್ಕೆ ಟವೆಲ್ ಸುತ್ತಿಕೊಂಡು ತಂಗಿಯ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತವನು ಒಂದು ಗಂಟೆ ಮಾತೇ ಆಡಲಿಲ್ಲ. ಅಪ್ಪ ಸತ್ತ ದಿನವೂ ಅವಳು ಅವನನ್ನು ಹಾಗೆ ಕಂಡಿರಲಿಲ್ಲ.

"ನೀನೇನು ದಪ್ಪ ಆಗಿಲ್ಲ ಅಣ್ಣ, ಈ ಬಟ್ಟೇನೇ ಸರಿ ಇಲ್ಲ. ಒಗೆದಾಗ ಕುಗ್ಗಿದೆ," ಎಂದಳು.

"ಹೌದಾ?"

"ನನಗಿಂತ ನಿನಗೆ ಗೊತ್ತಾ ಬಟ್ಟೆ ವಿಷಯ?"

ಅವನ ಮುಖ ಅರಳಿತು. ಅವಳಿಗೆ ಅಷ್ಟೇ ಬೇಕಾಗಿತ್ತು. ಹಿಂಬದಿಯ ಹೊಲಿಗೆ ಬಿಚ್ಚಿ ಒಳಗೆ ಮಡಚಿಟ್ಟಿದ್ದ ಬಟ್ಟೆಯನ್ನು ಹೊರಗೆ ಬಿಟ್ಟು ಎರಡು ಇಂಚು ಸಡಿಲ ಮಾಡಿಕೊಟ್ಟಳು. ಮುಂದಿನ ವರ್ಷ ಅದೇ ಬೂದು ಬಟ್ಟೆಯಲ್ಲಿ ಹೊಸ ಪ್ಯಾಂಟು ಹೊಲಿದಾಗ ಅಳತೆ ನಲವತ್ತೊಂದು ಬಂತು. ಡ್ರಾಯರ್ ತೆಗೆದಳು, ನಲವತ್ತೆರಡರ ಸುರುಳಿ ಮುಟ್ಟಿದಳು, ಕೈ ಹಿಂದಕ್ಕೆ ಬಂತು. ಅವನ ಹಳೆಯ ಅಳತೆಯಾದ ಮೂವತ್ತೆಂಟರ ಲೇಬಲ್ ಕತ್ತರಿಸಿ ಸೊಂಟಪಟ್ಟಿಯ ಒಳಗೆ ಹೊಲಿದಳು. ಯಾರಿಗೆ ಏನು ನಷ್ಟ?

ಅಲ್ಲಿಂದ ಅದೇ ರೂಢಿಯಾಯಿತು. ವರ್ಷಕ್ಕೆ ಎರಡು ಹೊಸ ಪ್ಯಾಂಟು, ನಡುವೆ ಬಿಗಿಯಾದರೆ "ಇಸ್ತ್ರಿಗೆ ಕೊಡು" ಎಂದು ಇಸಿದುಕೊಂಡು ಪಕ್ಕದ ಹೊಲಿಗೆಯಲ್ಲಿ ಒಂದು ಪಟ್ಟಿ ಬಟ್ಟೆ ಸೇರಿಸುವುದು. ಲೇಬಲ್ ಮಾತ್ರ ಎಂದೂ ಬದಲಾಗಲಿಲ್ಲ. ಅತ್ತಿಗೆ ಔಷಧದ ಅಂಗಡಿಯಲ್ಲಿ ಕೆಲಸ ಮಾಡುವವಳು, ಕಣ್ಣು ಚುರುಕು. "ರೀ, ನಿಮ್ಮ ಹೊಟ್ಟೆ ನಿಮಗಿಂತ ಮುಂಚೆ ಮನೆಗೆ ಬರುತ್ತೆ" ಎಂದರೆ ಅಣ್ಣ ಸೊಂಟಪಟ್ಟಿ ಮಡಚಿ ತೋರಿಸುವನು. "ಓದೇ. ಮೂವತ್ತೆಂಟು. ಮದುವೇಲಿ ಎಷ್ಟಿತ್ತೋ ಅಷ್ಟೇ. ತೂಕ ಜಾಸ್ತಿ ಇರೋದು ಮೂಳೇದು. ನಮ್ಮದು ದಪ್ಪ ಮೂಳೆ ವಂಶ." ಟೈಲರ್ ತಂಗಿಯೇ ಹೊಲಿದ ಅಳತೆಯ ಮೇಲೆ ಅತ್ತಿಗೆಗೆ ಎದುರು ಹೇಳಲು ಏನೂ ಉಳಿಯುತ್ತಿರಲಿಲ್ಲ.

ಅವನಿಗೆ ನಲವತ್ತಾರು ವರ್ಷ ತುಂಬಿದಾಗ ಅತ್ತಿಗೆ ಕೊನೆಗೂ ಅವನನ್ನು ದೊಡ್ಡ ಆಸ್ಪತ್ರೆಗೆ ಹೊರಡಿಸಿದಳು. ಧೈರ್ಯಕ್ಕೆ ಪುಟ್ಟಿಯೂ ಇರಲಿ ಎಂದ. ಕೋಣೆಯಲ್ಲಿದ್ದ ಡಾಕ್ಟರಮ್ಮ ಕಾಗದಗಳನ್ನು ಒಂದೊಂದಾಗಿ ತಿರುವಿ ಹಾಕಿ, ಪೆನ್ನು ಮುಚ್ಚಿಟ್ಟು ಮಾತಾಡಿದರು.

"ಸಕ್ಕರೆ, ಬಿಪಿ, ರಕ್ತದಲ್ಲಿ ಕೊಬ್ಬು, ಹೊಟ್ಟೆ ಸುತ್ತ ಕೊಬ್ಬು. ಇವು ನಾಲ್ಕು ಬೇರೆ ಬೇರೆ ಕಾಯಿಲೆ ಅಂದ್ಕೋಬೇಡಿ. ಒಂದೇ ಗುಂಪು. ಮೆಟಬಾಲಿಕ್ ಸಿಂಡ್ರೋಮ್ ಅಂತೀವಿ. ಒಟ್ಟಿಗೆ ಸೇರಿದಾಗ ಅವು ಕೈ ಹಾಕೋದು ಹೃದಯಕ್ಕೆ. ಮಾತ್ರೆ ತಗೋತಾನೇ ಇದ್ದೀರಿ, ನಡಿಗೆ, ಪಥ್ಯ ಎಲ್ಲ ನಿಮ್ಮ ಡಾಕ್ಟ್ರು ಹೇಳಿ ಆಯ್ತು. ನಿಮ್ಮಂಥವರಿಗೆ ತೂಕ ಇಳಿಸೋ ಆಪರೇಷನ್ ಮಾಡಿದರೆ ಹಾರ್ಟ್ ಅಟ್ಯಾಕ್ ಆಗೋ ಸಂಭವ ಕಡಿಮೆ ಆಗೋದನ್ನ ನೋಡಿದ್ದೀವಿ. ಇದು ಚೆಂದ ಕಾಣೋಕೆ ಮಾಡೋದಲ್ಲ."

"ಏನು ಮಾಡ್ತೀರಿ ಅದರಲ್ಲಿ?"

"ಜಠರದ ಮುಕ್ಕಾಲು ಭಾಗ ತೆಗೆದು ಬಾಳೆಹಣ್ಣಿನಷ್ಟು ಉಳಿಸ್ತೀವಿ."

ಅಣ್ಣ ತಂಗಿಯ ಕಡೆ ತಿರುಗಿದ. "ಹೊಟ್ಟೆಗೂ ಆಲ್ಟರೇಷನ್ ಅಂತೆ ಪುಟ್ಟಿ! ನಿನಗೇ ಕೊಟ್ಟುಬಿಡ್ತೀನಿ, ಹೊರಗಿನವರಿಗೆ ಯಾಕೆ?"

ಡಾಕ್ಟರಮ್ಮನೂ ನಕ್ಕರು. ನರ್ಸು ಹುಡುಗಿ ಟೇಪು ತಂದು ಅವನ ಹೊಕ್ಕಳ ಮೇಲೆ ಸುತ್ತಿ "ನಲವತ್ತಾರು ಇಂಚು" ಎಂದಳು. ಅಣ್ಣನ ನಗು ಅಲ್ಲಿಗೆ ನಿಂತಿತು.

"ಏನಮ್ಮ, ಟೇಪ್ ಹಿಡಿಯೋಕೆ ಬರುತ್ತಾ ನಿನಗೆ? ಎಲ್ಲಿ ಕಲಿತೆ? ಹದಿನೈದು ವರ್ಷದಿಂದ ಮೂವತ್ತೆಂಟು ನಂದು. ಒಂದಿಂಚು ಹೆಚ್ಚಿಲ್ಲ. ಹೊಟ್ಟೆ ಬೆಳೆದಿದ್ದರೆ ಸೊಂಟ ಬೆಳೀಬೇಕಲ್ಲ? ತೂಕ ಎಲ್ಲ ಮೂಳೆ, ಮಾಂಸ. ಇದಕ್ಕೆ ಕುಯ್ಯೋದು ಏನಿದೆ?" ಸೊಂಟಪಟ್ಟಿ ಮಡಚಿ ಲೇಬಲ್ಲನ್ನು ಡಾಕ್ಟರಮ್ಮನಿಗೇ ತೋರಿಸಿದ. "ಇಲ್ಲೇ ಇದ್ದಾಳೆ ನೋಡಿ ಹೊಲಿದೋಳು. ಹೇಳೇ ಪುಟ್ಟಿ."

ಕೋಣೆಯಲ್ಲಿದ್ದ ಎಲ್ಲರೂ ಅವಳನ್ನು ನೋಡಿದರು. ನಲವತ್ತಾರೇ ಸರಿ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಹೇಳಿದರೆ ಈ ಹೊರಗಿನವರ ಎದುರು ಅಣ್ಣನ ಮುಖ ಏನಾಗುತ್ತದೆ? ಸ್ಟೂಲಿನ ಮೇಲೆ ಟವೆಲ್ ಸುತ್ತಿಕೊಂಡು ಕೂತಿದ್ದ ಅದೇ ಮುಖ ಮತ್ತೆ ಬರುತ್ತದೆ. ಅದೂ ಅಲ್ಲದೆ ಆಪರೇಷನ್ ಎಂದರೆ ಅವಳಿಗೆ ಮೊದಲಿನಿಂದಲೂ ಭಯ. ಅರಿವಳಿಕೆ ಕೊಟ್ಟಾಗ ಏನಾದರೂ ಆದರೆ? ಹೊಲಿಗೆ ಬಿಟ್ಟುಕೊಂಡರೆ? ಚೆನ್ನಾಗಿ ಓಡಾಡಿಕೊಂಡಿರುವ ಮನುಷ್ಯನನ್ನು ಮಲಗಿಸಿ ಕತ್ತರಿಸುವುದೆಂದರೇನು?

"ಮೂವತ್ತೆಂಟೇ ಡಾಕ್ಟ್ರೇ," ಎಂದಳು. "ನಾನೇ ಅಳತೆ ತಗೊಳ್ಳೋದು."

ಡಾಕ್ಟರಮ್ಮ ಅವಳನ್ನು ಒಂದು ಕ್ಷಣ ದಿಟ್ಟಿಸಿ ನೋಡಿದರು. ಅತ್ತಿಗೆ ಕಿಟಕಿಯ ಕಡೆ ತಿರುಗಿಕೊಂಡಳು. "ಬಲವಂತ ಇಲ್ಲ. ಒಪ್ಪಿಗೆ ನಿಮ್ಮದೇ. ಮನಸ್ಸು ಬದಲಾದರೆ ಬನ್ನಿ, ಆದರೆ ತುಂಬಾ ಕಾಯಬೇಡಿ," ಎಂದು ಡಾಕ್ಟರಮ್ಮ ಕಾಗದಗಳನ್ನು ಮುಚ್ಚಿದರು. ಅಣ್ಣ ಗೆದ್ದವನಂತೆ ಹೊರಬಂದು ಇಬ್ಬರಿಗೂ ಐಸ್‌ಕ್ರೀಮ್ ಕೊಡಿಸಿದ. ಅತ್ತಿಗೆ ತನ್ನದನ್ನು ತಿನ್ನಲಿಲ್ಲ. ಅವಳದನ್ನೂ ಅವನೇ ತಿಂದ.

ಆಮೇಲೆ ಎರಡು ವರ್ಷ. ಆ ಎರಡು ವರ್ಷದಲ್ಲಿ ಹೇಳಲು ಎಷ್ಟು ಅವಕಾಶಗಳು ಸಿಕ್ಕವು ಎಂದು ಈಗ ಎಣಿಸಿದರೆ ಅವಳಿಗೆ ತಲೆ ಸುತ್ತುತ್ತದೆ. ಒಂದೇ ಉಸಿರಿಗೆ ಮಹಡಿ ಹತ್ತುತ್ತಿದ್ದವನು ತಿರುವಿನಲ್ಲಿ ನಿಂತು ಫೋನು ನೋಡುವಂತೆ ನಟಿಸಲು ಶುರುಮಾಡಿದ. ಅವಳು ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದಳು: ಫೋನು ಮೌನ, ಉಸಿರು ಮಾತ್ರ ಜೋರು. "ಅಣ್ಣ, ಒಂದು ಮಾತು" ಎಂದು ಎರಡು ಸಲ ಬಾಯಿ ತೆರೆದಳು. ಒಂದು ಸಲ ಮಗಳು ನಡುವೆ ಬಂದು ಪೆನ್ಸಿಲು ಕೇಳಿದಳು. ಇನ್ನೊಂದು ಸಲ ಯಾರೂ ಬರಲಿಲ್ಲ, ಆದರೂ "ಚಹಾ ಕುಡೀತೀಯಾ?" ಎಂದೇ ಮಾತು ಮುಗಿಯಿತು. ಮಗಳ ಕೆಮ್ಮಿಗೆ ಅದೇ ವಾರ ಎರಡು ಸಲ ಆಸ್ಪತ್ರೆಗೆ ಓಡಿದ್ದಳು.

ಅದು ಆದದ್ದು ಒಂದು ಬೆಳಗ್ಗೆ, ಹತ್ತೂವರೆಗೆ, ಪಾಠದ ನಡುವೆ. ಕಲಿಯುತ್ತಿದ್ದವರು ಒಬ್ಬ ಹಲ್ಲಿನ ಡಾಕ್ಟರು, ನಡುವಯಸ್ಸಿನ ಹೆಂಗಸು, ಏಳನೆಯ ದಿನದ ಪಾಠ. ಅಣ್ಣ "ಎಡಕ್ಕೆ ತಗೊಳ್ಳಿ ಮೇಡಂ" ಎಂದನಂತೆ. ಎಡಕ್ಕೆ ರಸ್ತೆಯೇ ಇರಲಿಲ್ಲ. ಮತ್ತೆ ಅದನ್ನೇ ಹೇಳಿದ. ಆಕೆ ತಿರುಗಿ ನೋಡಿದರೆ ಅಂಗಿ ಬೆವರಿನಲ್ಲಿ ತೊಯ್ದಿದೆ, ಕೈ ಎದೆಯ ಮೇಲಿದೆ. ಹಲ್ಲಿನವರಾದರೇನು, ಡಾಕ್ಟರೇ ತಾನೆ, ಅರ್ಥವಾಯಿತು. ಎರಡನೆಯ ಗೇರಿನಲ್ಲೇ, ಹಾರನ್ನಿನಿಂದ ಕೈ ತೆಗೆಯದೆ, ದೊಡ್ಡ ರಸ್ತೆಯಲ್ಲಿ ಮೊದಲ ಸಲ ಕಾರು ಓಡಿಸಿಕೊಂಡು ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿದರು. "ಅಂಥ ನೋವಿನಲ್ಲೂ 'ಕ್ಲಚ್ಚು ಮೇಡಂ, ಕ್ಲಚ್ಚು' ಅಂತಿದ್ರು ನಿಮ್ಮಣ್ಣ" ಎಂದು ಆಮೇಲೆ ಹೇಳುತ್ತಾ ಅತ್ತುಬಿಟ್ಟರು.

ಜೀವ ಉಳಿಯಿತು. ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಹೃದಯದ ಡಾಕ್ಟರು ಹೊರಬಂದು, ಮುಂಭಾಗದ ಸ್ನಾಯುವಿನಲ್ಲಿ ಒಂದು ಪಾಲು ಸತ್ತಿದೆ, ಶೇಕಡಾ ಅರವತ್ತರ ಹತ್ತಿರ ಇರಬೇಕಾದ ಹೃದಯದ ಪಂಪಿಂಗ್ ಮೂವತ್ತಕ್ಕೆ ಇಳಿದಿದೆ ಎಂದರು. ಅತ್ತಿಗೆ ಕೇಳಿದ ಮೊದಲ ಪ್ರಶ್ನೆ: "ಹೊಟ್ಟೆ ಆಪರೇಷನ್ ಈಗ ಮಾಡಬಹುದಾ?"

"ಈಗ ಮುಟ್ಟೋ ಹಾಗೇ ಇಲ್ಲಮ್ಮ. ಈ ಹೃದಯ ಇಟ್ಟುಕೊಂಡು ಅರಿವಳಿಕೆ ಕೊಡೋದು ಅಪಾಯ. ಕೆಲವು ತಿಂಗಳು ಔಷಧಿ ನಡೀಲಿ, ಆಮೇಲೆ ನೋಡೋಣ."

ಅಂದು ಸಂಜೆ ಹಳೆಯ ಡಾಕ್ಟರಮ್ಮನೂ ವಾರ್ಡಿಗೆ ಬಂದಿದ್ದರು. ಅತ್ತಿಗೆ ಅವರ ಕೈ ಹಿಡಿದು, ಎರಡು ವರ್ಷದ ಹಿಂದೆ ಮಾಡಿಸಿದ್ದರೆ ಇದು ತಪ್ಪುತ್ತಿತ್ತಾ ಎಂದಳು. "ಆಗ್ತಾನೇ ಇರಲಿಲ್ಲ ಅಂತ ಯಾರೂ ಹೇಳೋಕಾಗಲ್ಲ," ಎಂದರು ಅವರು. "ಆದರೆ ಆಗೋ ಸಂಭವ ಕಡಿಮೆ ಇರ್ತಿತ್ತು. ತುಂಬಾ ಕಡಿಮೆ." ತಂಗಿ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು.

ಮರುದಿನ ಮಧ್ಯಾಹ್ನ ಅತ್ತಿಗೆ ಹೊಲಿಯುವ ಕೋಣೆಗೆ ಬಂದಳು. ಕೈಯಲ್ಲಿ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲ. ತುರ್ತು ವಾರ್ಡಿನಲ್ಲಿ ಅವಸರಕ್ಕೆ ಕತ್ತರಿಯಿಂದ ಸೀಳಿ ತೆಗೆದ ಹಳೆಯ ಪ್ಯಾಂಟನ್ನು ಮೇಜಿನ ಮೇಲೆ ಒಳಮೈ ಮೇಲಾಗಿ ಹರಡಿದಳು. ಎರಡೂ ಪಕ್ಕದಲ್ಲಿ ಸೇರಿಸಿದ ಪಟ್ಟಿಗಳು, ಒಂದರ ಪಕ್ಕ ಒಂದು, ಒಂದೊಂದು ವರ್ಷದ ಒಂದೊಂದು ಛಾಯೆಯ ಬೂದು. ಸೊಂಟಪಟ್ಟಿಯಲ್ಲಿ ಬಿಳಿಯ ಮೂವತ್ತೆಂಟು.

"ಇದೇನು?"

"ಅತ್ತಿಗೆ..."

"ಟೇಪ್ ಹಿಡಿದು ಅಳೆದೇ ಬಂದಿದ್ದೀನಿ. ಅವತ್ತು ಆ ಕೋಣೇಲಿ ನನ್ನ ಎದುರಿಗೆ ಕೂತು ಹೇಳಿದೆಯಲ್ಲೇ, ಮೂವತ್ತೆಂಟೇ ಅಂತ. ಮನೇಲಿ ನಾನು ದಿನಾ ಬಾಯಿ ಬಡ್ಕೋತಿದ್ದೆ. ನಾನು ಕಣ್ಣು ಕಾಣದೋಳು, ಗಂಡನ್ನ ಹಂಗಿಸೋಳು ಅನ್ನಿಸಿಕೊಂಡೆ. ನನಗೇ ಅನುಮಾನ ಬರೋ ಹಾಗೆ ಮಾಡಿದೆ."

"ಅವನಿಗೆ ಬೇಜಾರಾಗಬಾರದು ಅಂತ..."

"ಆಗಲಿ ಅಂತ ಬಿಡಬೇಕಿತ್ತು!" ಅತ್ತಿಗೆಯ ದನಿ ಏರಿದ್ದು ಅದೊಂದೇ ಸಲ. "ಬೇಜಾರಿಗೆ ಯಾರೂ ಸಾಯಲ್ಲ. ನಾನು ಅವರಿಗೆ ಹೇಳಲ್ಲ. ನೀನೇ ಹೇಳಬೇಕು. ಮನಸ್ಸು ಬದಲಾಯಿಸೋಕೆ ಅವರಿಗೆ ನಿಜ ಬೇಕು."

ಅವನು ಆಸ್ಪತ್ರೆಯಿಂದ ಮನೆಗೆ ಬಂದ ಒಂಬತ್ತನೆಯ ದಿನ ತಂಗಿ ಹೇಳಿದಳು. ಅಣ್ಣ ದಿಂಬಿಗೆ ಒರಗಿ ಕೂತಿದ್ದ. ಪ್ಯಾಂಟು ಹರಿದ ಆ ದಿನದಿಂದ ಶುರುಮಾಡಿ ಅವಳು ಒಂದನ್ನೂ ಬಿಡದೆ ಹೇಳಿ ಮುಗಿಸಿದಳು.

"ಅಳತೆ ತಗೋ," ಎಂದ ಕೊನೆಗೆ.

ನಿಂತುಕೊಂಡ. ಅವಳು ಟೇಪು ಸುತ್ತಿದಳು.

"ನಲವತ್ತೇಳು."

"ಅವತ್ತು?"

"ನಲವತ್ತಾರು. ಆ ನರ್ಸು ಹೇಳಿದ್ದೇ ಸರಿ."

"ಪಾಪ, ಆ ಹುಡುಗೀನ ಎಷ್ಟು ಬೈದುಬಿಟ್ಟೆ," ಎಂದ. ಮಲಗಿ ಗೋಡೆಯ ಕಡೆ ತಿರುಗಿಕೊಂಡ. ಅವಳು ಬಾಗಿಲು ಎಳೆದುಕೊಂಡು ಬಂದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ. ಬಂದರೆ "ಬಾಮ್ಮ" ಎನ್ನುವನು, ಹೊರಟರೆ "ಹೋಗಿ ಬಾಮ್ಮ" ಎನ್ನುವನು. ಹೊರಗಿನವರಿಗೆ ಹೇಳಿದ ಹಾಗೆ. ಪುಟ್ಟಿ ಎನ್ನಲು ನಾಲ್ಕು ತಿಂಗಳು ಹಿಡಿಯಿತು. ಅದೂ ಒಂದು ದಿನ ನೀರು ಕೇಳುವಾಗ ಬಾಯಿತಪ್ಪಿ ಬಂದದ್ದು.

ಆದರೆ ಅದೇ ವಾರ ಅವನೇ ಆಸ್ಪತ್ರೆಗೆ ಫೋನು ಮಾಡಿ, ಯಾವಾಗ ಸಾಧ್ಯವೋ ಆಗ ಮಾಡಿ ಎಂದು ಹೆಸರು ಬರೆಸಿದ. ಹನ್ನೊಂದು ತಿಂಗಳು ಕಾಯಬೇಕಾಯಿತು. ಪಂಪಿಂಗ್ ಒಂದಷ್ಟು ಏರಿದ ಮೇಲೆ, ಹೃದಯದವರು, ಅರಿವಳಿಕೆಯವರು, ಹೊಟ್ಟೆಯವರು ಎಲ್ಲ ಕೂತು ಚರ್ಚಿಸಿ, ಇತರರಿಗಿಂತ ಅಪಾಯ ಹೆಚ್ಚು ಎಂದು ಬರೆದ ಕಾಗದಕ್ಕೆ ಸಹಿ ಹಾಕಿಸಿಕೊಂಡು ಆಪರೇಷನ್ ಮಾಡಿದರು. ಅಂದು ಆರು ಗಂಟೆ ಕಾಲ ಅವಳು ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆದಳು. ಹೆದರಬೇಕಾದದ್ದಕ್ಕೇ ಹೆದರುತ್ತಿದ್ದದ್ದು ಬಹುಶಃ ಅದೇ ಮೊದಲು.

ಎಲ್ಲ ಸುಸೂತ್ರವಾಗಿ ಆಯಿತು. ತಟ್ಟೆ ಹೋಗಿ ಬಟ್ಟಲು ಬಂತು, ಬಟ್ಟಲಿನಲ್ಲೂ ಅರ್ಧ ಉಳಿಯುತ್ತಿತ್ತು. ನೂರಿಪ್ಪತ್ತೊಂದು ಕಿಲೋ ಇದ್ದವನು ವರ್ಷದೊಳಗೆ ಎಂಬತ್ತೆಂಟಕ್ಕೆ ಬಂದ. ದಿನಕ್ಕೆ ಒಂಬತ್ತು ಮಾತ್ರೆ ನುಂಗುತ್ತಿದ್ದವನಿಗೆ ನಾಲ್ಕು ಸಾಕಾದವು. ಗುರುತು ಸಿಗದೆ ಹಳೆಯ ಶಿಷ್ಯನೊಬ್ಬ "ಮೇಷ್ಟ್ರು ನಿಮ್ಮಣ್ಣ ಅಲ್ವಾ, ಹೇಗಿದ್ದಾರೆ?" ಎಂದು ಅವನನ್ನೇ ಕೇಳಿದನಂತೆ. "ದಪ್ಪಗಿದ್ದ, ಹೋಗಿಬಿಟ್ಟ" ಎಂದು ಇವನು ಉತ್ತರ ಕೊಟ್ಟು, ಆ ಶಿಷ್ಯ ಕಣ್ಣೊರೆಸಿಕೊಂಡ ಮೇಲೆ ನಿಜ ಹೇಳಿದ. ಆದರೆ ಪಕ್ಕದ ಸೀಟಿನ ಕೆಲಸ ಮತ್ತೆ ಸಿಗಲಿಲ್ಲ. ಎರಡನೆಯ ಬ್ರೇಕು ತುಳಿಯಬೇಕಾದ ಮನುಷ್ಯನಿಗೆ ಯಾವ ಗಳಿಗೆಯಲ್ಲಿ ಏನಾಗುತ್ತದೋ ಎಂಬ ಭಯ ಮಾಲೀಕನಿಗೆ. ಈಗ ಅದೇ ಶಾಲೆಯ ಮುಂಭಾಗದ ಮೇಜಿನಲ್ಲಿ ಕೂತು ಅರ್ಜಿ ತುಂಬಿಸಿಕೊಳ್ಳುತ್ತಾನೆ, ಹೊರಗೆ ಯಾರಾದರೂ ಗೇರು ಕಿರುಗುಟ್ಟಿಸಿದರೆ ಅವನ ಬಲಗಾಲು ಮೇಜಿನ ಕೆಳಗೆ ಅಲುಗುತ್ತದೆ.

ಮೊನ್ನೆ ಮೂವರೂ ತಪಾಸಣೆಗೆ ಹೋಗಿದ್ದರು. ಸಕ್ಕರೆ, ಬಿಪಿ ಎಲ್ಲ ಹದಕ್ಕೆ ಬಂದಿದೆ ಎಂದು ಹೃದಯದ ಡಾಕ್ಟರು ಸಂತೋಷಪಟ್ಟರು. ಮತ್ತೊಂದು ಅಟ್ಯಾಕ್ ಆಗುವ ಸಂಭವ ಕಡಿಮೆ ಎಂದರು. ಕಳೆದ ಸಲ ಮೂವತ್ತೆಂಟಿದ್ದ ಪಂಪಿಂಗ್ ಮಾತ್ರ ಈ ಸಲ ಮೂವತ್ತೇಳು ತೋರಿಸಿತ್ತು. "ಸತ್ತಿರೋ ಭಾಗ ವಾಪಸ್ ಬರಲ್ಲ. ಇಷ್ಟೇ ಅಂದ್ಕೊಂಡು ಬಾಳ್ವೆ ಮಾಡಿ," ಎಂದರು. ಅತ್ತಿಗೆ ಔಷಧಿ ತರಲು ಕೆಳಗೆ ಹೋದಳು. ಅಣ್ಣ ತಂಗಿ ಕಾರಿಡಾರಿನ ಕುರ್ಚಿಗಳಲ್ಲಿ ಕೂತರು.

ಅವಳು ಬಹಳ ದಿನದಿಂದ ಒಂದು ಪ್ರಶ್ನೆ ಇಟ್ಟುಕೊಂಡಿದ್ದಳು. ಅದರ ಉತ್ತರವೂ ಅವಳಲ್ಲೇ ಸಿದ್ಧವಿತ್ತು: ಅಣ್ಣ ಮೊಂಡ, ತಾನು ನಿಜ ಹೇಳಿದ್ದರೂ ಒಪ್ಪುತ್ತಿರಲಿಲ್ಲ. ಆ ಒಂದು ಮಾತನ್ನು ಅವನ ಬಾಯಿಂದ ಕೇಳಿಬಿಟ್ಟರೆ ಸಾಕಾಗಿತ್ತು.

"ಅಣ್ಣ, ಅವತ್ತು ಆ ಡಾಕ್ಟರಮ್ಮನ ಕೋಣೇಲಿ ನಾನು ನಿಜ ಹೇಳಿದ್ದರೆ ನೀನು ಆಪರೇಷನ್‌ಗೆ ಒಪ್ಕೋತಿದ್ದೆಯಾ?"

ಎದುರಿನ ಗೋಡೆ ನೋಡುತ್ತಾ ನಿಜವಾಗಿಯೂ ಯೋಚಿಸಿದ. ಅದೇ ಅವಳಿಗೆ ಭಯ ಹುಟ್ಟಿಸಿತು.

"ಒಪ್ಕೋತಿದ್ದೆ," ಎಂದ. "ಹಿಂದಿನ ರಾತ್ರಿ ಅರ್ಧ ಮನಸ್ಸು ಮಾಡಿಕೊಂಡೇ ಬಂದಿದ್ದೆ. ನಿಮ್ಮತ್ತಿಗೆಗೂ ಹೇಳಿರಲಿಲ್ಲ. ಅಲ್ಲಿ ಕೂತಮೇಲೆ ಹೆದರಿಕೆ ಆಯ್ತು. ಯಾರಾದರೂ ಬೇಡ ಅನ್ನಲಿ ಅಂತ ಕಾಯ್ತಿದ್ದೆ."

ಆ 'ಬೇಡ' ಅವಳ ಬಾಯಿಂದಲೇ ಬಂದಿತ್ತು, ಮೂವತ್ತೆಂಟು ಎಂಬ ರೂಪದಲ್ಲಿ. ಅವಳು ಕ್ಷಮಿಸು ಎನ್ನಬೇಕೆಂದುಕೊಂಡಳು. ಆ ಮಾತನ್ನು ಎಷ್ಟು ಸಲ ಹೇಳಿ ಆಗಿತ್ತೆಂದರೆ ಅದರಲ್ಲಿ ಏನೂ ಉಳಿದಿರಲಿಲ್ಲ. ಅವನು ಅವಳನ್ನು ಸಮಾಧಾನ ಮಾಡಲಿಲ್ಲ. ಎದ್ದು ಹೋಗಲೂ ಇಲ್ಲ.

ಅತ್ತಿಗೆ ಔಷಧಿ ಚೀಲ ಹಿಡಿದು ಬಂದಳು. ಇಬ್ಬರ ಮುಖವನ್ನೂ ನೋಡಿದಳು. "ಯಾಕೆ, ಏನಾಯ್ತು?"

"ಏನಿಲ್ಲ, ಹೋಗೋಣ," ಎಂದ ಅಣ್ಣ.

"ನಾನು ಕೇಳಿದೆ ಅತ್ತಿಗೆ," ಎಂದಳು ತಂಗಿ. "ಅವತ್ತು ನಾನು ನಿಜ ಹೇಳಿದ್ದರೆ ಒಪ್ಕೋತಿದ್ದನಂತೆ."

ಅತ್ತಿಗೆ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಪಕ್ಕದ ಕುರ್ಚಿಯಲ್ಲಿ ಕೂತಳು. ಮನೆಗೆ ಹೋಗುವ ಮಾತನ್ನು ಆಮೇಲೆ ಬಹಳ ಹೊತ್ತಿನವರೆಗೆ ಮೂವರಲ್ಲಿ ಯಾರೂ ಎತ್ತಲಿಲ್ಲ.